ಯೀಸ್ಟ್ ಮಾರ್ಪಡಿಸುವ ಸಂಶೋಧನೆಯನ್ನು ವೃತ್ತಿಯಾಗಿಸಿಕೊಳ್ಳುವವರಿಗೆ

ಸಕ್ಕರೆಯಿಂದ ಔಷಧಿ, ಸುಗಂಧದ್ರವ್ಯ ಮತ್ತು ಇಂಧನದ ಮೂಲವಸ್ತುಗಳನ್ನು ತಯಾರಿಸುವಂತೆ ಯೀಸ್ಟನ್ನು ಮಾರ್ಪಡಿಸುವ ಸಂಶೋಧನೆಗೆ ಬರಬೇಕೆಂದಿರುವವರು ಮೊದಲು ಜೀವರಸಾಯನ ವಿಜ್ಞಾನವನ್ನು ಗಟ್ಟಿ ಮಾಡಿಕೊಳ್ಳಬೇಕು. ಜೀನ್ ಸೇರಿಸುವ ವಿಧಾನವನ್ನು ಕೆಲವು ತಿಂಗಳಲ್ಲಿ ಕಲಿಯಬಹುದು. ಗ್ಲೂಕೋಸಿನ ಇಂಗಾಲ ಜೀವಕೋಶದೊಳಗೆ ಯಾವ ದಾರಿಯಲ್ಲಿ ಸಾಗಿ ಎಲ್ಲಿ ಸೋರಿಹೋಗುತ್ತದೆ ಎಂಬುದನ್ನು ಲೆಕ್ಕ ಹಾಕಿ ಹೇಳಲು ವರ್ಷಗಳ ಅಭ್ಯಾಸ ಬೇಕು. ಬಿ.ಎಸ್ಸಿ. ಮುಗಿಸಿದವರು ಗಣಿತವನ್ನೂ ಬಿ.ಇ. ಮುಗಿಸಿದವರು ಜೀವಶಾಸ್ತ್ರವನ್ನೂ ಸ್ನಾತಕೋತ್ತರ ಹಂತದೊಳಗೆ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಪ್ರಯೋಗಾಲಯದ ಮೊದಲ ಅಭ್ಯಾಸಕ್ಕೆ ಅಡೆನಿನ್ (ಡಿಎನ್‌ಎಯ ಒಂದು ಘಟಕ) ತಯಾರಿಕೆಗೆ ಬೇಕಾದ ಎಡಿಇ-2 ಎಂಬ ಜೀನನ್ನು, ಡಿಎನ್‌ಎಯನ್ನು ಬೇಕಾದ ಜಾಗದಲ್ಲಿ ಕತ್ತರಿಸುವ ಕ್ರಿಸ್ಪರ್ ಎಂಬ ಸಾಧನದಿಂದ ಕೆಡಿಸುವ ಪ್ರಯೋಗವನ್ನು ಆರಿಸಿಕೊಳ್ಳಿ. ಲಿಥಿಯಂ ಅಸಿಟೇಟ್ ಮತ್ತು ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್) ದ್ರಾವಣದಲ್ಲಿ ಕೋಶಗಳನ್ನು ಡಿಎನ್‌ಎ ಜೊತೆ ಬೆರೆಸಿ, 42 ಡಿಗ್ರಿ ಸೆಲ್ಸಿಯಸ್ ಶಾಖ ಕೊಟ್ಟು, ಅಡೆನಿನ್ ಕಡಿಮೆ ಇರುವ ತಟ್ಟೆಯ ಮೇಲೆ ಹರಡಿ 30 ಡಿಗ್ರಿಯಲ್ಲಿ ಇಟ್ಟರೆ, ಕೆಲವು ದಿನಗಳಲ್ಲಿ ಬಿಳಿ ಕಾಲೊನಿಗಳ ನಡುವೆ ಕೆಂಪು ಕಾಲೊನಿಗಳು ಕಾಣಿಸಿಕೊಳ್ಳುತ್ತವೆ. ಅಡೆನಿನ್ ತಯಾರಿಕೆ ನಡುವೆಯೇ ನಿಂತು, ಅರ್ಧಕ್ಕೆ ಉಳಿದ ವಸ್ತು ಕೋಶದೊಳಗೆ ಶೇಖರವಾಗುವುದೇ ಈ ಬಣ್ಣಕ್ಕೆ ಕಾರಣ. ಒಂದು ಹೆಜ್ಜೆಯನ್ನು ತಡೆದರೆ ಅದರ ಹಿಂದಿನ ವಸ್ತು ಒಟ್ಟುಗೂಡುತ್ತದೆ ಎಂಬ ಈ ಕ್ಷೇತ್ರದ ಮೂಲಸೂತ್ರವನ್ನು ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ತೋರಿಸುವ ಪ್ರಯೋಗ ಬೇರೊಂದಿಲ್ಲ.

ಮಲೇರಿಯಾ ಔಷಧಿ ಆರ್ಟಿಮಿಸಿನಿನ್‌ನ ಕಥೆಯನ್ನು ಮೂಲ ಪ್ರಬಂಧಗಳಲ್ಲೇ ಓದಬೇಕು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜೇ ಕೀಸ್ಲಿಂಗ್ ಅವರ ತಂಡ 2006ರಲ್ಲಿ ಯೀಸ್ಟಿನಿಂದ ಲೀಟರಿಗೆ ಸುಮಾರು 100 ಮಿಲಿಗ್ರಾಂ ಆರ್ಟಿಮಿಸಿನಿಕ್ ಆಮ್ಲವನ್ನು, ಅಂದರೆ ಆ ಔಷಧಿಯ ಮೂಲವಸ್ತುವನ್ನು, ಪಡೆದಿತ್ತು. 2013ರ ಹೊತ್ತಿಗೆ ಆ ಪ್ರಮಾಣ ಲೀಟರಿಗೆ 25 ಗ್ರಾಂ ಮುಟ್ಟಿತು. ಕೋಶಪೊರೆಯ ಸ್ಟೆರಾಲ್ ತಯಾರಿಕೆಗೆ ಹೋಗುತ್ತಿದ್ದ ಇಂಗಾಲವನ್ನು ತಡೆದು ತಿರುಗಿಸಿದ್ದು, ಈ ಔಷಧಿಯನ್ನು ಸಹಜವಾಗಿ ತಯಾರಿಸುವ ಗಿಡದಿಂದ ಇನ್ನಷ್ಟು ಕಿಣ್ವಗಳ ಜೀನ್‌ಗಳನ್ನು ತಂದು ಸೇರಿಸಿದ್ದು, ಹುದುಗುವಿಕೆಯ ಕ್ರಮವನ್ನೇ ಬದಲಿಸಿದ್ದು, ಇವೆಲ್ಲ ಸೇರಿ ಆ ಏರಿಕೆ ಸಾಧ್ಯವಾಯಿತು. ಆದರೂ ಗಿಡದಿಂದ ತೆಗೆದ ಔಷಧಿಯ ಬೆಲೆ ಇಳಿದಾಗ ಯೀಸ್ಟಿನ ಉತ್ಪನ್ನ ಮಾರುಕಟ್ಟೆಯಲ್ಲಿ ಪೈಪೋಟಿ ಕೊಡಲಾಗಲಿಲ್ಲ. ಆದ್ದರಿಂದ ತಳಿ ರೂಪಿಸಲು ಕೈಹಾಕುವ ಮೊದಲೇ ಸಕ್ಕರೆಯ ಬೆಲೆ, ಗರಿಷ್ಠ ಇಳುವರಿ, ಶುದ್ಧೀಕರಣದ ಖರ್ಚು ಇವುಗಳ ಲೆಕ್ಕ ಹಾಕಿಕೊಳ್ಳಿ. ಕಬ್ಬಿನ ಸಿಪ್ಪೆಯಂತಹ ಕೃಷಿ ಉಳಿಕೆಗಳನ್ನು ಬಳಸುವ ಉದ್ದೇಶವಿದ್ದರೆ, ಅವುಗಳಲ್ಲಿ ಸಿಗುವ ಕ್ಸೈಲೋಸ್ ಎಂಬ ಸಕ್ಕರೆಯನ್ನು ಸಾಮಾನ್ಯ ಬೇಕರಿ ಯೀಸ್ಟ್ ತಾನಾಗಿ ಹುದುಗಿಸಲಾರದು ಎಂಬುದು ನೆನಪಿರಲಿ.

ಫರ್ಮೆಂಟರ್, ಅಂದರೆ ಯೀಸ್ಟನ್ನು ನಿಯಂತ್ರಿತ ಸ್ಥಿತಿಯಲ್ಲಿ ಬೆಳೆಸುವ ಟ್ಯಾಂಕ್, ನಡೆಸುವುದನ್ನು ಕಲಿಯದೆ ಈ ವೃತ್ತಿಯಲ್ಲಿ ಬಹಳ ದೂರ ಹೋಗಲಾಗದು. ಗ್ಲೂಕೋಸ್ ಹೆಚ್ಚಾದರೆ ಆಮ್ಲಜನಕ ಸಾಕಷ್ಟಿದ್ದರೂ ಯೀಸ್ಟ್ ಆಲ್ಕೋಹಾಲ್ ತಯಾರಿಸತೊಡಗುತ್ತದೆ. ಅದಕ್ಕಾಗಿ ಸಕ್ಕರೆಯನ್ನು ಸ್ವಲ್ಪಸ್ವಲ್ಪವಾಗಿಯೇ ಉಣಿಸಬೇಕು. ದೊಡ್ಡ ಟ್ಯಾಂಕಿನಲ್ಲಿ ಶಾಖ ಹೊರಹಾಕುವುದೂ ನೊರೆ ಹಿಡಿತದಲ್ಲಿಡುವುದೂ ಆಮ್ಲಜನಕ ತಲುಪಿಸುವುದೂ ಕಷ್ಟವಾಗಿ, ಫ್ಲಾಸ್ಕಿನಲ್ಲಿ ಚೆನ್ನಾಗಿದ್ದ ತಳಿ ಅಲ್ಲಿ ಸೋಲುವುದುಂಟು.

ನಮ್ಮ ದೇಶದಲ್ಲಿ ಜೈವಿಕ ತಂತ್ರಜ್ಞಾನದ ಸ್ನಾತಕೋತ್ತರ ಪ್ರವೇಶಕ್ಕೆ ಗ್ಯಾಟ್-ಬಿ, ಸಂಶೋಧನಾ ವೇತನಕ್ಕೆ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಗಳಿವೆ. ಉದ್ಯಮದ ಕಡೆ ಒಲವಿರುವವರು ಪಿಕಿಯಾ ಎಂಬ ಯೀಸ್ಟಿನ ಪರಿಚಯವನ್ನೂ ಮಾಡಿಕೊಳ್ಳಬೇಕು. ಬೆಂಗಳೂರಿನ ಬಯೋಕಾನ್ ಇನ್ಸುಲಿನ್ ತಯಾರಿಸುವುದು ಅದರಲ್ಲೇ. ಪಿಎಚ್‌.ಡಿ.ಗೆ ಮಾರ್ಗದರ್ಶಕರನ್ನು ಆರಿಸುವಾಗ ಪ್ರಬಂಧಗಳ ಪಟ್ಟಿಯನ್ನಷ್ಟೇ ನೋಡದೆ, ಪ್ರಯೋಗಾಲಯದಲ್ಲಿ ಫರ್ಮೆಂಟರ್ ಇದೆಯೇ, ವಿದ್ಯಾರ್ಥಿಗಳೇ ಅದನ್ನು ನಡೆಸುತ್ತಾರೆಯೇ, ಜೈವಿಕ ಸುರಕ್ಷತಾ ಸಮಿತಿಯ ಅನುಮತಿ ಯಾವ ಬಗೆಯ ಕೆಲಸಕ್ಕಿದೆ ಎಂದು ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನೇ ಕೇಳಿ ತಿಳಿದುಕೊಳ್ಳಿ.