ಎಲ್929 ಮೀಡಿಯಂನಲ್ಲೇ ಇನ್‌ಫ್ಲಮಸೋಮ್ ಬ್ಲಾಟ್: ನನ್ನ ಅನುಭವ

ಉರಿಯೂತ ಹೊತ್ತಿಸುವ ಪ್ರೋಟೀನ್ ಕೂಟವಾದ ಇನ್‌ಫ್ಲಮಸೋಮ್ ಎದ್ದಿದೆಯೇ ಅಂತ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸಿ ಆ್ಯಂಟಿಬಾಡಿಯಿಂದ ಗುರುತಿಸುವ ವಿಧಾನ) ನೋಡಲು ಹೊರಟಿದ್ದೆವು. ಕೊನೆಗೂ ಪಿ20 ಬ್ಯಾಂಡ್, ಅಂದರೆ ಕತ್ತರಿಸಿ ಸಕ್ರಿಯವಾದ ಕ್ಯಾಸ್ಪೇಸ್-1 ಎಂಜೈಮಿನ ತುಂಡು, ಬಂತು. ಬಂದದ್ದಷ್ಟೇ ಅಲ್ಲ, ಪ್ರತಿ ಸಲವೂ ಬರುತ್ತಿದೆ. ರಿಕಾಂಬಿನೆಂಟ್ ಎಂ-ಸಿಎಸ್‌ಎಫ್ (ಮ್ಯಾಕ್ರೋಫೇಜ್ ಬೆಳೆಸುವ ಪ್ರೋಟೀನ್) ಇಲ್ಲ, ಬದಲಿಗೆ ಅದನ್ನು ಸ್ರವಿಸುವ ಎಲ್929 ಎಂಬ ಇಲಿ ಕೋಶಗಳು ಬೆಳೆದ ಮೀಡಿಯಂ. ಪ್ರೋಟೀನ್ ಅಳೆಯುವ ಎಲಿಸಾ ಕಿಟ್ಟೂ ಇಲ್ಲ. ಇಲಿಯ ಬೋನ್ ಮ್ಯಾರೋ ಮ್ಯಾಕ್ರೋಫೇಜ್‌ಗಳು (ರೋಗನಿರೋಧಕ ಕೋಶಗಳು) ಹೊರಹಾಕಿದ ಕ್ಯಾಸ್ಪೇಸ್-1 ಮತ್ತು ಅದು ಕತ್ತರಿಸುವ ಉರಿಯೂತದ ಪ್ರೋಟೀನ್ ಐಎಲ್-1 ಬೀಟಾ ಎರಡನ್ನೂ ಒಂದೇ ಮೆಂಬ್ರೇನ್ ಮೇಲೆ ನೋಡುತ್ತಿದ್ದೇವೆ. ಆಗಲ್ಲ ಅಂದವರ ತಕರಾರು ಮೂರಿದ್ದವು. ಎಲ್929 ಮೀಡಿಯಂನಲ್ಲಿ ಇಂಟರ್‌ಫೆರಾನ್ (ವೈರಸ್ ವಿರುದ್ಧ ಕೋಶಗಳು ಸ್ರವಿಸುವ ಸಿಗ್ನಲ್ ಪ್ರೋಟೀನ್) ಇರುತ್ತದೆ, ಸಿಗ್ನಲಿಂಗ್ ಡೇಟಾ ನಂಬುವ ಹಾಗಿಲ್ಲ. ಸೂಪರ್ನೇಟಂಟ್‌ನಲ್ಲಿ, ಅಂದರೆ ಕೋಶಗಳ ಮೇಲಿನ ದ್ರವದಲ್ಲಿ, ಪ್ರೋಟೀನ್ ತೀರ ಕಮ್ಮಿ, ಬ್ಯಾಂಡ್ ಕಾಣಲ್ಲ. ಟ್ಯೂಮರ್ ಮೀಡಿಯಂ (ಕ್ಯಾನ್ಸರ್ ಕೋಶಗಳು ಬೆಳೆದ ದ್ರವ) ಹಾಕಿದಾಗ ಏನೇ ಬಂದರೂ ಅದು ಬ್ಯಾಕ್ಟೀರಿಯಾದ ಹೊರಪೊರೆಯಿಂದ ಸೇರಿಕೊಳ್ಳುವ ಎಂಡೋಟಾಕ್ಸಿನ್ ಆಟ. ಮೂರೂ ನ್ಯಾಯವಾದ ತಕರಾರುಗಳೇ. ಮೂರಕ್ಕೂ ಈಗ ನಮ್ಮ ಹತ್ತಿರ ಉತ್ತರ ಇದೆ.

ಮೊದಲು ದುಡ್ಡಿನ ಲೆಕ್ಕ. ನೆನಪಿನಿಂದ ಹೇಳುತ್ತಿದ್ದೇನೆ, ಅಂಕಿ ಸ್ವಲ್ಪ ಆಚೀಚೆ ಆಗಬಹುದು. 50 ಮೈಕ್ರೋಗ್ರಾಂ ಎಂ-ಸಿಎಸ್‌ಎಫ್‌ಗೆ ಸುಮಾರು 35,000 ರೂಪಾಯಿ. ಮಿಲಿಲೀಟರಿಗೆ 20 ನ್ಯಾನೋಗ್ರಾಂ ಲೆಕ್ಕದಲ್ಲಿ ಒಂದು ಇಲಿಯ ಮ್ಯಾರೋ ಬೆಳೆಸಲು 120 ಮಿ.ಲೀ. ಮೀಡಿಯಂ ಬೇಕು, ಅಂದರೆ ಇಲಿಯೊಂದಕ್ಕೆ 1,700ರ ಹತ್ತಿರ. ಅರ್ಧ ಲೀಟರ್ ಎಲ್929 ಮೀಡಿಯಂ ಮಾಡಲು ಸೀರಂ, ಡಿಎಂಇಎಂ, ಫಿಲ್ಟರ್ ಎಲ್ಲ ಸೇರಿ ಐದಾರು ಸಾವಿರ. 25% ಸೇರಿಸಿದರೆ ಅದರಲ್ಲಿ ಹದಿನಾರು ಇಲಿ ಆಗುತ್ತವೆ, ತಲೆಗೆ 350. ನಿಜವಾದ ಉಳಿತಾಯ ಇರುವುದು ಎಲಿಸಾದಲ್ಲಿ: ಒಂದು ಪ್ಲೇಟಿನ ಕಿಟ್ಟಿಗೆ 45,000 ಕೊಟ್ಟರೂ ಅದು ಪ್ರೋ-ಐಎಲ್-1 ಬೀಟಾ (ಇನ್ನೂ ಕತ್ತರಿಸದ ರೂಪ) ಯಾವುದು, ಕತ್ತರಿಸಿದ್ದು ಯಾವುದು ಅಂತ ಬಿಡಿಸಿ ಹೇಳುವುದಿಲ್ಲ. ಪ್ರೋ ರೂಪದ 31 ಮತ್ತು ಕತ್ತರಿಸಿದ ರೂಪದ 17 ಕಿಲೋಡಾಲ್ಟನ್ ನಡುವಿನ ವ್ಯತ್ಯಾಸವೇ ಇಲ್ಲಿ ಇಡೀ ಪ್ರಶ್ನೆಯಾಗಿರುವಾಗ ಬ್ಲಾಟ್ ಬಿಟ್ಟು ಬೇರೆ ದಾರಿ ನನಗೆ ಕಾಣಲಿಲ್ಲ.

ಎಲ್929 ಮೀಡಿಯಂ: ದೊಡ್ಡ ಫ್ಲಾಸ್ಕಿಗೆ ಐದು ಲಕ್ಷ ಕೋಶ, 50 ಮಿ.ಲೀ. ಮೀಡಿಯಂ, ಏಳು ದಿನ ಮುಟ್ಟಬೇಡಿ. ಸ್ಪಿನ್, 0.45 ಫಿಲ್ಟರ್, ಅಲಿಕ್ವಾಟ್, ಮೈನಸ್ 80. ಎರಡನೇ ವಾರದ ಕೊಯ್ಲನ್ನೂ ತೆಗೆದು ಮೊದಲನೆಯದಕ್ಕೆ ಬೆರೆಸುತ್ತೇವೆ. ಬ್ಯಾಚ್‌ಗೂ ಬ್ಯಾಚ್‌ಗೂ ಬಲ ಬೇರೆ. ಹಾಗಾಗಿ 10, 20, 30% ಹಾಕಿ ಮ್ಯಾಕ್ರೋಫೇಜ್ ಗುರುತುಗಳಾದ ಎಫ್4/80 ಮತ್ತು ಸಿಡಿ11ಬಿ ನೋಡದೆ ಹೊಸ ಬ್ಯಾಚನ್ನು ಪ್ರಯೋಗಕ್ಕೆ ಬಿಡಬೇಡಿ. ಈ ಟೈಟ್ರೇಷನ್ನನ್ನು ಫ್ಲೋ ಸೈಟೋಮೀಟರ್ ಇಲ್ಲದೆ ಒಂದೇ ಪ್ಲೇಟಿನಲ್ಲಿ ಮುಗಿಸುವ ದಾರಿಯೊಂದನ್ನು ಕಂಡುಕೊಂಡಿದ್ದೇವೆ. ಅದು ಪೇಪರ್ ಬರುವತನಕ ನಮ್ಮಲ್ಲೇ ಇರಲಿ. ಎಲ್ಲಕ್ಕಿಂತ ಮುಖ್ಯ, ಮೈಕೋಪ್ಲಾಸ್ಮಾ ಎಂಬ ಪುಟ್ಟ ಬ್ಯಾಕ್ಟೀರಿಯಾ ಇದೆಯೇ ಅಂತ ನೋಡುವ ಪಿಸಿಆರ್. ಕೈಯಿಂದ ಕೈಗೆ ಬಂದ ಎಲ್929 ವಯಲ್‌ಗಳಲ್ಲಿ ಇದು ಸಾಮಾನ್ಯ. ಅದರ ಲೈಪೋಪ್ರೋಟೀನ್‌ಗಳು ಟಿಎಲ್‌ಆರ್2 ಎಂಬ ಗ್ರಾಹಕದ (ರಿಸೆಪ್ಟರ್) ಮೂಲಕ ಮ್ಯಾಕ್ರೋಫೇಜನ್ನು ಮೊದಲೇ ಎಬ್ಬಿಸಿಬಿಡುತ್ತವೆ, ಆಮೇಲೆ ಕಂಟ್ರೋಲ್ ಲೇನ್ ಅಂತ ಏನೂ ಉಳಿಯುವುದಿಲ್ಲ.

ಇಂಟರ್‌ಫೆರಾನ್ ತಕರಾರಿಗೆ ಬರೋಣ. ಎಲ್929 ಕೋಶಗಳು ಟೈಪ್-1 ಇಂಟರ್‌ಫೆರಾನ್ ಸ್ರವಿಸುವುದು ನಿಜ, ಅದು ಐಎಲ್-1 ಬೀಟಾವನ್ನು ತಗ್ಗಿಸುವುದೂ ನಿಜ. ಆರನೇ ದಿನ ಕೋಶಗಳನ್ನು ಬಿಡಿಸಿ, ಎಲ್929 ಇಲ್ಲದ ಬರೀ 10% ಸೀರಂ ಮೀಡಿಯಂನಲ್ಲಿ ಬಿತ್ತಿ ರಾತ್ರಿಯಿಡೀ ಬಿಟ್ಟರೆ ಸಾಕು. ಅಷ್ಟು ಹೊತ್ತು ಎಂ-ಸಿಎಸ್‌ಎಫ್ ಇಲ್ಲದಿದ್ದರೂ ಅವು ಸಾಯುವುದಿಲ್ಲ. ಇಂಟರ್‌ಫೆರಾನ್ ಸಿಗ್ನಲ್‌ನ ಗುರುತಾದ ಫಾಸ್ಫೋ-ಸ್ಟ್ಯಾಟ್1ಕ್ಕೆ ಬ್ಲಾಟ್ ಹಾಕಿ ನೋಡಿದ್ದೇವೆ: ನೇರವಾಗಿ ತೆಗೆದ ಕೋಶಗಳಲ್ಲಿ ಮಸುಕು ಬ್ಯಾಂಡ್ ಇದೆ, ರಾತ್ರಿ ಕಳೆದವುಗಳಲ್ಲಿ ಇಲ್ಲ. ಬೆಳೆಸುವುದು ಬ್ಯಾಕ್ಟೀರಿಯಾದ ಪೆಟ್ರಿ ಡಿಶ್‌ನಲ್ಲೇ ಇರಲಿ. ಟಿಷ್ಯೂ ಕಲ್ಚರ್ ಪ್ಲೇಟಿನಲ್ಲಿ ಹಾಕಿದರೆ ಅಂಟಿಕೊಂಡು ಕೂರುತ್ತವೆ, ಕೆರೆದು ತೆಗೆಯುವಾಗ ಅರ್ಧ ಸಾಯುತ್ತವೆ. ತಣ್ಣನೆಯ ಪಿಬಿಎಸ್‌ಗೆ 2 ಮಿಲಿಮೋಲಾರ್ ಇಡಿಟಿಎ ಹಾಕಿ ಹತ್ತು ನಿಮಿಷ ಬಿಟ್ಟರೆ ಪಿಪೆಟ್ಟಿಗೇ ಏಳುತ್ತವೆ.

ಪ್ರಯೋಗದ ದಿನ: 12 ಬಾವಿಯ (ವೆಲ್) ಪ್ಲೇಟಿನಲ್ಲಿ ಬಾವಿಗೆ ಹತ್ತು ಲಕ್ಷ ಕೋಶ. ಮೊದಲ ಸಿಗ್ನಲ್ ಆಗಿ, ಪ್ರೋ-ಐಎಲ್-1 ಬೀಟಾ ಮಾಡಿಸಲು, ಎಲ್‌ಪಿಎಸ್ (ಎಂಡೋಟಾಕ್ಸಿನ್ನೇ) 200 ನ್ಯಾನೋಗ್ರಾಂ, ನಾಲ್ಕು ಗಂಟೆ, ಸೀರಂ ಇರುವ ಮೀಡಿಯಂನಲ್ಲಿ. ಆಮೇಲೆ ತೊಳೆದು, ಸೀರಂ ಹಾಕದ 600 ಮೈಕ್ರೋಲೀಟರ್ ಆಪ್ಟಿ-ಎಂಇಎಂ ಮೀಡಿಯಂನಲ್ಲಿ, ಇನ್‌ಫ್ಲಮಸೋಮ್ ಎಬ್ಬಿಸುವ ಎರಡನೇ ಸಿಗ್ನಲ್ ಆಗಿ ನೈಜೆರಿಸಿನ್ 10 ಮೈಕ್ರೋಮೋಲಾರ್, 45 ನಿಮಿಷ. ಈ ಮೀಡಿಯಂ ಬದಲಾವಣೆಯಲ್ಲೇ ಅರ್ಧ ಗೆಲುವು ಇದೆ. ಸೀರಂ ಉಳಿದರೆ ಪ್ರೆಸಿಪಿಟೇಟ್ ಮಾಡಿದಾಗ, ಅಂದರೆ ಪ್ರೋಟೀನನ್ನು ದ್ರವದಿಂದ ಬೇರೆ ಮಾಡಿ ಕೂರಿಸಿದಾಗ, ಬರುವುದೆಲ್ಲ ಆಲ್ಬುಮಿನ್. 66 ಕಿಲೋಡಾಲ್ಟನ್ ಹತ್ತಿರ ದಪ್ಪನೆ ಉಬ್ಬಿ ಇಡೀ ಲೇನನ್ನು ಎಳೆದು ಸೊಟ್ಟ ಮಾಡುತ್ತದೆ. ಎಲ್‌ಪಿಎಸ್ ಹಂತದಲ್ಲಿ ಮಾತ್ರ ಸೀರಂ ಬೇಕೇ ಬೇಕು, ಎಲ್‌ಪಿಎಸ್ ಹೊತ್ತೊಯ್ಯುವ ಎಲ್‌ಬಿಪಿ ಅದರಲ್ಲಿದೆ. ನೈಜೆರಿಸಿನ್ ಬದಲು ಎಟಿಪಿ ಬಳಸುವವರು ಸ್ಟಾಕಿನ ಪಿಎಚ್ 7.4ಕ್ಕೆ ತನ್ನಿ, ಇಲ್ಲದಿದ್ದರೆ 5 ಮಿಲಿಮೋಲಾರ್‌ನಲ್ಲಿ ನೀವು ಆಮ್ಲದ ಪರಿಣಾಮ ಅಳೆಯುತ್ತಿರುತ್ತೀರಿ. ನೈಜೆರಿಸಿನ್ ಒಂದು ಗಂಟೆ ದಾಟಿಸಿದರೆ ಕೋಶ ಒಡೆದು ಪ್ರೋ-ಐಎಲ್-1 ಬೀಟಾ ಕೂಡ ಹೊರಗೆ ಸುರಿಯುತ್ತದೆ, ಬ್ಲಾಟ್ ಓದುವುದು ಕಷ್ಟ.

ಪ್ರೆಸಿಪಿಟೇಷನ್‌ಗೆ ಏನೆಲ್ಲ ಮಾಡಿ ನೋಡಿದೆವು. ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಮ್ಲ) ಹಾಕಿದರೆ ಪೆಲೆಟ್ ಚೆನ್ನಾಗಿ ಬರುತ್ತದೆ, ಆದರೆ ಆಮ್ಲ ಉಳಿದು, ಜೆಲ್‌ಗೆ ಹಾಕುವ ಮೊದಲು ಬೆರೆಸುವ ಲ್ಯಾಮ್ಲಿ ಬಫರ್ ಹಳದಿಗೆ ತಿರುಗುತ್ತದೆ, ಪೆಲೆಟ್ ಕರಗುವುದಿಲ್ಲ. ಅಸಿಟೋನ್‌ನಲ್ಲಿ ಉಪ್ಪು ಕೂಡಿ ಬಂದು ಲೇನ್ ಸೊಂಟ ಹಿಡಿದಂತೆ ಕಿರಿದಾಗುತ್ತದೆ. ಗೆದ್ದದ್ದು ಹಳೆಯ ಮೆಥನಾಲ್-ಕ್ಲೋರೋಫಾರ್ಮ್. 500 ಗ್ರ್ಯಾವಿಟಿಯಲ್ಲಿ ಐದು ನಿಮಿಷ ತಿರುಗಿಸಿ ತೇಲುವ ಕೋಶ ತೆಗೆದ 500 ಮೈಕ್ರೋಲೀಟರ್ ಸೂಪರ್ನೇಟಂಟ್, 500 ಮೆಥನಾಲ್, 125 ಕ್ಲೋರೋಫಾರ್ಮ್. ಜೋರಾಗಿ ವೋರ್ಟೆಕ್ಸ್, 13,000 ಗ್ರ್ಯಾವಿಟಿ, ಹತ್ತು ನಿಮಿಷ. ಎರಡು ದ್ರವಗಳ ನಡುವೆ ತೆಳ್ಳನೆಯ ಬಿಳಿ ಪೊರೆ ಕಾಣುತ್ತದೆ, ಅದೇ ನಿಮ್ಮ ಪ್ರೋಟೀನ್. ಮೇಲಿನ ಪದರವನ್ನು ಪೂರ್ತಿ ತೆಗೆಯುವ ಆಸೆ ಬೇಡ, ನೂರು ಮೈಕ್ರೋಲೀಟರ್ ಬಿಟ್ಟುಬಿಡಿ. ಟಿಪ್ ತಗುಲಿದರೆ ಪೊರೆ ಹರಿದು ಅರ್ಧ ಸಿಂಕಿಗೆ ಹೋಗುತ್ತದೆ. ಮತ್ತೆ 500 ಮೆಥನಾಲ್, ಸ್ಪಿನ್, ಈಗ ಪೆಲೆಟ್ ಟ್ಯೂಬಿನ ಬದಿಗೆ ಕೂರುತ್ತದೆ. 37 ಡಿಗ್ರಿಯಲ್ಲಿ ಐದು ನಿಮಿಷ ಮಾತ್ರ ಒಣಗಿಸಿ, ಪೆಲೆಟ್ ಬಿರುಕು ಬಿಡುವಷ್ಟು ಒಣಗಿದರೆ ಮತ್ತೆ ಕರಗಿಸಲು ಯಾರಿಂದಲೂ ಆಗುವುದಿಲ್ಲ. ಡಿಟಿಟಿ ಇರುವ ಬಫರ್ 40 ಮೈಕ್ರೋಲೀಟರ್, 95 ಡಿಗ್ರಿ.

15% ಜೆಲ್, 0.2 ಮೈಕ್ರಾನ್ ರಂಧ್ರದ ಪಿವಿಡಿಎಫ್ ಮೆಂಬ್ರೇನ್. 0.45ರಲ್ಲಿ 17 ಕಿಲೋಡಾಲ್ಟನ್ ಆಚೆ ಬದಿಗೆ ದಾಟಿಹೋಗುತ್ತದೆ. "ಸೂಪರ್ನೇಟಂಟ್‌ನಲ್ಲಿ ಬ್ಯಾಂಡ್ ಕಾಣಲ್ಲ" ಅನ್ನುವ ಎಷ್ಟೋ ದೂರುಗಳ ಮೂಲ ಅಲ್ಲೇ ಇದೆ ಅಂತ ನನ್ನ ಬಲವಾದ ನಂಬಿಕೆ. ಐಎಲ್-1 ಬೀಟಾಗೆ ಮೇಕೆಯ ಆ್ಯಂಟಿಬಾಡಿ, ಕ್ಯಾಸ್ಪೇಸ್-1 ಪಿ20ಗೆ ಇಲಿಯ ಮೊನೋಕ್ಲೋನಲ್, ಹೀಗಾಗಿ ಸ್ಟ್ರಿಪ್ ಮಾಡದೆ ಒಂದಾದ ಮೇಲೊಂದು ಪ್ರೋಬ್ ಮಾಡಬಹುದು. ಸೂಪರ್ನೇಟಂಟ್‌ಗೆ ಆ್ಯಕ್ಟಿನ್ ಲೋಡಿಂಗ್ ಕಂಟ್ರೋಲ್ ಕೇಳುವ ರಿವ್ಯೂವರ್‌ಗಳಿದ್ದಾರೆ. ಅವರಿಗೆ ಸಮಾನ ಕೋಶ ಸಂಖ್ಯೆ, ಸಮಾನ ಪ್ರಮಾಣ ಮತ್ತು ಪಾನ್ಸೋ (ಮೆಂಬ್ರೇನಿನ ಎಲ್ಲ ಪ್ರೋಟೀನನ್ನೂ ತೋರಿಸುವ ಬಣ್ಣ) ಚಿತ್ರ ಕೊಡಿ.

ಈಗ ಕ್ಯಾನ್ಸರ್ ಭಾಗ, ಇಷ್ಟೆಲ್ಲ ಕಟ್ಟಿಕೊಂಡದ್ದು ಇದಕ್ಕಾಗಿಯೇ. 2017ರ ಕ್ಯಾಂಟೋಸ್ ಟ್ರಯಲ್‌ನಲ್ಲಿ ಹೃದಯದ ತೊಂದರೆಗೆಂದು ಕೊಟ್ಟ ಕ್ಯಾನಕಿನುಮ್ಯಾಬ್, ಅಂದರೆ ಐಎಲ್-1 ಬೀಟಾ ತಡೆಯುವ ಆ್ಯಂಟಿಬಾಡಿ, ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿ ಕಂಡಿತ್ತು. ಅದೇ ಔಷಧಿಯನ್ನು ಆಮೇಲೆ ಶ್ವಾಸಕೋಶದ ಕ್ಯಾನ್ಸರ್ ಇದ್ದವರಿಗೇ ಕೊಟ್ಟ ಟ್ರಯಲ್‌ಗಳು ಗುರಿ ಮುಟ್ಟಲಿಲ್ಲ. ಹಾಗಾದರೆ ಗೆಡ್ಡೆಯ ಸುತ್ತ ಈ ಐಎಲ್-1 ಬೀಟಾಗೆ ಮೊದಲ ಸಿಗ್ನಲ್ ಕೊಡುವವರು ಯಾರು, ಎರಡನೆಯದು ಕೊಡುವವರು ಯಾರು? ಇದನ್ನು ಬೇರ್ಪಡಿಸಿ ನೋಡಲು ಎಲ್‌ಪಿಎಸ್ ಜಾಗದಲ್ಲಿ ಎಲ್‌ಎಲ್‌ಸಿ (ಇಲಿಯ ಶ್ವಾಸಕೋಶದ ಕ್ಯಾನ್ಸರ್) ಕೋಶಗಳ ಮೀಡಿಯಂ ಹಾಕಿದೆವು. ಇಲಿ ಸಿ57ಬಿಎಲ್/6, ಗೆಡ್ಡೆಯ ಕೋಶವೂ ಅದೇ ಮೂಲದ್ದು.

24 ಗಂಟೆ ಸೀರಂ ಇಲ್ಲದೆ ಇಟ್ಟ ಮೀಡಿಯಂನಲ್ಲಿ ಗ್ಲೂಕೋಸ್ ಖಾಲಿ, ಲ್ಯಾಕ್ಟೇಟ್ ತುಂಬಿ ಬಣ್ಣ ಹಳದಿ. ಹಾಗೆಯೇ ಸುರಿದರೆ ಏನು ಅಳೆಯುತ್ತಿದ್ದೀರಿ ಅಂತ ಗೊತ್ತಾಗುವುದಿಲ್ಲ. ಪಿಎಚ್ ಸರಿಪಡಿಸಿ, ಹೊಸ ಮೀಡಿಯಂಗೆ ಅರ್ಧಕ್ಕರ್ಧ ಬೆರೆಸಿ, ಕೋಶವಿಲ್ಲದ ಫ್ಲಾಸ್ಕಿನಲ್ಲಿ 24 ಗಂಟೆ ಇಟ್ಟ ಮೀಡಿಯಂ ಕಂಟ್ರೋಲ್ ಇಡಿ. ಎಂಡೋಟಾಕ್ಸಿನ್ ತಕರಾರಿಗೆ, ಎಲ್‌ಪಿಎಸ್ ಹಿಡಿದು ಕಟ್ಟಿಹಾಕುವ ಪಾಲಿಮಿಕ್ಸಿನ್ ಬಿ 10 ಮೈಕ್ರೋಗ್ರಾಂ: ಎಲ್‌ಪಿಎಸ್ ಲೇನಿನ ಬ್ಯಾಂಡ್ ಇಳಿಯಿತು, ಎಲ್‌ಎಲ್‌ಸಿ ಲೇನಿನದು ಇಳಿಯಲಿಲ್ಲ. ಟಿಎಲ್‌ಆರ್2 ತಡೆಯುವ ಟಿ2.5 ಆ್ಯಂಟಿಬಾಡಿ ಹಾಕಿದಾಗ ಪ್ರೋ ಬ್ಯಾಂಡ್ ಅರ್ಧಕ್ಕಿಂತ ಕೆಳಗಿಳಿಯಿತು. ಎಲ್‌ಎಲ್‌ಸಿ ಸ್ರವಿಸುವ ವರ್ಸಿಕಾನ್ ಎಂಬ ಪ್ರೋಟೀನ್ ಟಿಎಲ್‌ಆರ್2 ಹಿಡಿಯುತ್ತದೆ ಅಂತ 2009ರಲ್ಲೇ ತೋರಿಸಿದ್ದಾರೆ, ಅದಕ್ಕೆ ಇದು ಹೊಂದುತ್ತದೆ. ಇನ್‌ಫ್ಲಮಸೋಮ್ ತಡೆಯುವ ಎಂಸಿಸಿ950 ಒಂದು ಮೈಕ್ರೋಮೋಲಾರ್ ಹಾಕಿದರೆ 17ರ ಬ್ಯಾಂಡ್ ಮಾಯ, 31ರದ್ದು ಅಲ್ಲಾಡುವುದಿಲ್ಲ. ಈ ಲೇನುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಎಂಡೋಟಾಕ್ಸಿನ್ ಮಾತು ನಿಂತಿತು. ಬರೀ ನೈಜೆರಿಸಿನ್ ಹಾಕಿದ ಲೇನನ್ನು ಎಂದೂ ಬಿಡಬೇಡಿ. ಅದರಲ್ಲಿ 17 ಕಂಡರೆ ನಿಮ್ಮ ನೀರು, ಸೀರಂ, ಬಾಟಲಿ ಯಾವುದೋ ಒಂದು ಕಲುಷಿತ. ಆಟೋಕ್ಲೇವ್ ಎಂಡೋಟಾಕ್ಸಿನ್ ತೆಗೆಯುವುದಿಲ್ಲ, ಗಾಜನ್ನು 250 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಬೇಕು.

ನಡುವೆ ಅರಿಶಿನದ ಕರ್ಕ್ಯುಮಿನ್ ಕೂಡ ನೋಡಿದೆವು, ನೋಡದೆ ಬಿಡುವವರು ಯಾರು. ಅದರ ಹಳದಿ 425 ನ್ಯಾನೋಮೀಟರ್ ಹತ್ತಿರ ಹೀರುತ್ತದೆ, ಅದರ ಅಂಚು ಎಲ್‌ಡಿಎಚ್ (ಸತ್ತ ಕೋಶದಿಂದ ಸೋರುವ ಎಂಜೈಮ್) ಓದುವ 490ಕ್ಕೂ ಚಾಚುತ್ತದೆ. ಕೋಶವಿಲ್ಲದ ಬಾವಿ ಇಡದೆ ಮಾಡಿದ ಕರ್ಕ್ಯುಮಿನ್ ಎಲ್‌ಡಿಎಚ್ ಲೆಕ್ಕವನ್ನು ನಾನು ನಂಬುವುದಿಲ್ಲ. ಎಎಸ್‌ಸಿ ಸ್ಪೆಕ್ (ಇನ್‌ಫ್ಲಮಸೋಮ್ ಕೂಡಿದಾಗ ಕೋಶದೊಳಗೆ ಕಟ್ಟುವ ಪ್ರೋಟೀನ್ ಚುಕ್ಕೆ) ಇಮೇಜಿಂಗ್ ಚೆನ್ನಾಗಿ ಬಂತು: ನೈಜೆರಿಸಿನ್‌ಗೆ ಮೊದಲು ಕ್ಯಾಸ್ಪೇಸ್ ತಡೆಯುವ ವಿಎಕ್ಸ್-765 ಹಾಕಿದರೆ ಕೋಶಗಳು ಕವರ್‌ಸ್ಲಿಪ್ ಬಿಟ್ಟು ಹೋಗುವುದಿಲ್ಲ, ಕೋಶಕ್ಕೊಂದು ಚುಕ್ಕೆ ಸ್ಪಷ್ಟ.

ಮನುಷ್ಯರ ಮೊನೋಸೈಟ್‌ಗೆ ಈ ಎಲ್929 ಮೀಡಿಯಂ ಹಾಕಬೇಡಿ. ಮನುಷ್ಯರ ಎಂ-ಸಿಎಸ್‌ಎಫ್ ಇಲಿಯ ಕೋಶದಲ್ಲಿ ಕೆಲಸ ಮಾಡುತ್ತದೆ, ಇಲಿಯದು ಮನುಷ್ಯರ ಕೋಶದಲ್ಲಿ ಮಾಡುವುದಿಲ್ಲ. ಅಲ್ಲಿಗೆ ಸದ್ಯ ಟಿಎಚ್‌ಪಿ-1 ಎಂಬ ಮನುಷ್ಯರ ಮೊನೋಸೈಟ್ ಕೋಶಸಾಲನ್ನು ಬಳಸುತ್ತಿದ್ದೇವೆ. ಅವನ್ನು ಮ್ಯಾಕ್ರೋಫೇಜ್‌ನಂತೆ ಮಾಡುವ ಪಿಎಂಎ ಪ್ರಮಾಣ ಇಳಿಸಿ, ತೆಗೆದ ಮೇಲೆ ಒಂದು ದಿನ ವಿಶ್ರಾಂತಿ ಕೊಟ್ಟರೆ ಹಿನ್ನೆಲೆಯ ಐಎಲ್-1 ಬೀಟಾ ತಗ್ಗುತ್ತದೆ. ಮೆಥನಾಲ್-ಕ್ಲೋರೋಫಾರ್ಮ್ ಹಂತ ಅಲ್ಲೂ ಇದೇ, ಐಎಲ್-1 ಬೀಟಾ ಮತ್ತು ಕ್ಯಾಸ್ಪೇಸ್-1 ಆ್ಯಂಟಿಬಾಡಿಗಳು ಮಾತ್ರ ಮನುಷ್ಯರ ಪ್ರೋಟೀನ್ ಹಿಡಿಯುವಂಥವು ಬೇಕು.