ಖಾಲಿ ಪಾಕೀಟು, ಹಳೇ ಬಿಲ್ಲು: ಶಾಸಕರ ಕಚೇರಿಯಲ್ಲಿ ಗ್ರಾಹಕರ ಅಹವಾಲು ನೋಡಿಕೊಂಡ ನನ್ನ ಅನುಭವ

ಹಾವೇರಿ ಜಿಲ್ಲೆಯ ಒಬ್ಬ ಶಾಸಕರ ಕ್ಷೇತ್ರ ಕಚೇರಿಯಲ್ಲಿ ನಾನು ಒಂಬತ್ತು ವರ್ಷ ಆಪ್ತ ಸಹಾಯಕನಾಗಿದ್ದೆ. ಶಾಸಕರ ಕೆಲಸವೆಂದರೆ ರಸ್ತೆ, ಸಮುದಾಯ ಭವನ, ವರ್ಗಾವಣೆಯ ಪತ್ರ ಎಂದು ಬಹಳ ಜನ ತಿಳಿದಿದ್ದಾರೆ. ಆದರೆ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆಯುವಾಗ ಕಟ್ಟೆಯ ಮೇಲೆ ಕುಳಿತಿರುತ್ತಿದ್ದವರಲ್ಲಿ ಹೆಚ್ಚಿನವರು ಹಣ ಕೊಟ್ಟು ಕೊಂಡ ವಸ್ತುವಿನಿಂದಲೋ ಸೇವೆಯಿಂದಲೋ ನಷ್ಟಕ್ಕೆ ಒಳಗಾದವರೇ ಆಗಿರುತ್ತಿದ್ದರು. ಮೊಳೆಯದ ಬೀಜ, ಇದ್ದಕ್ಕಿದ್ದಂತೆ ಮೂರು ಪಟ್ಟು ಬಂದ ವಿದ್ಯುತ್ ಬಿಲ್ಲು, ಕಂತು ತುಂಬಿಯೂ ಬಾರದ ಬೆಳೆ ವಿಮೆ, ತಿಂಗಳೊಳಗೆ ಸುಟ್ಟುಹೋದ ಪಂಪಿನ ಮೋಟಾರು. ಇವರಲ್ಲಿ ಯಾರೂ ತಮ್ಮನ್ನು ಗ್ರಾಹಕರೆಂದು ಭಾವಿಸಿರಲಿಲ್ಲ. "ಸಾಹೇಬ್ರಿಗೆ ಹೇಳಿ ಒಂದು ಫೋನ್ ಹಚ್ಚಸ್ರಿ" ಎನ್ನುವುದೊಂದೇ ಅವರ ಬೇಡಿಕೆ.

ಮೊದಲ ಎರಡು ವರ್ಷ ನಾವು ಆ ಫೋನನ್ನೇ ಹಚ್ಚಿದೆವು. ಅದರಿಂದ ಏನಾಯಿತೆಂಬುದನ್ನು ಒಂದು ಪ್ರಸಂಗದಿಂದ ಹೇಳುತ್ತೇನೆ. ಮಿರಗ ಮಳೆ ಹಿಡಿದ ದಿನಗಳಲ್ಲಿ ಒಬ್ಬ ವಯಸ್ಸಾದ ಹೆಣ್ಣುಮಗಳು ಗೋವಿನಜೋಳದ (ಮೆಕ್ಕೆಜೋಳದ) ಬೀಜದ ನಾಲ್ಕು ಖಾಲಿ ಪಾಕೀಟುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದರು. "ತಮ್ಮಾ, ಎರಡೆಕರೆ ಬಿತ್ತೇನಿ. ಹತ್ತು ಕಾಳು ಹಾಕಿದಲ್ಲಿ ಮೂರು ಸೈತ ಎದ್ದಿಲ್ಲ" ಎಂದರು. ಶಾಸಕರು ಆಗಲೇ ಅಂಗಡಿಯವರಿಗೆ ಫೋನ್ ಮಾಡಿದರು. ಅಂಗಡಿಯವರು ಅತ್ಯಂತ ವಿನಯದಿಂದ ಮಾತನಾಡಿ, ಸಂಜೆಯೊಳಗೆ ಆಕೆಗೆ ಬೇರೆ ಬೀಜದ ನಾಲ್ಕು ಪಾಕೀಟು ಕೊಟ್ಟು, ಹಳೆಯ ಪಾಕೀಟು ಮತ್ತು ಬಿಲ್ಲನ್ನು ವಾಪಸು ಇಸಿದುಕೊಂಡರು. ಕೆಲಸವಾಯಿತೆಂದು ನಾನು ಅಂದು ಸಮಾಧಾನಪಟ್ಟೆ. ಎರಡನೆಯ ಬಿತ್ತನೆ ತಡವಾಯಿತು, ಕಾಳು ಕಟ್ಟುವ ಹೊತ್ತಿಗೆ ಮಳೆ ಹೋಯಿತು, ಮೊದಲ ಬಿತ್ತನೆಗೆ ಸುರಿದ ಗೊಬ್ಬರ ಮತ್ತು ಟ್ರ್ಯಾಕ್ಟರ್ ಬಾಡಿಗೆ ಮಣ್ಣುಪಾಲಾಯಿತು. ಬನ್ನಿ ಹಬ್ಬದ ನಂತರ ಆಕೆ ಮತ್ತೆ ಬಂದಾಗ ನಾನು ಕೈಗೆತ್ತಿಕೊಳ್ಳಲು ಒಂದು ಚೂರು ಕಾಗದವೂ ಉಳಿದಿರಲಿಲ್ಲ. ಆಕೆಯ ಹೊಲದಲ್ಲಿ ಆ ಬೀಜ ಬಿದ್ದಿತ್ತೆಂಬುದಕ್ಕೇ ಸಾಕ್ಷಿಯಿರಲಿಲ್ಲ. ಅದನ್ನು ಅಳಿಸಿದ್ದು ನಮ್ಮ ಫೋನು ಎಂಬುದು ನನಗೆ ಆ ದಿನ ಮನವರಿಕೆಯಾಯಿತು.

ಅಂದಿನಿಂದ ಕಚೇರಿಯಲ್ಲಿ ಒಂದು ನಿಯಮ ಮಾಡಿಕೊಂಡೆವು: ಕಾಗದದ ಝೆರಾಕ್ಸ್ ನಮ್ಮ ಕಡತಕ್ಕೆ ಸೇರುವವರೆಗೆ ಯಾರಿಗೂ ಫೋನಿಲ್ಲ. ಉದ್ದನೆಯ ಒಂದು ರಿಜಿಸ್ಟರ್ ಹಾಕಿ ಕೊಂಡ ದಿನಾಂಕ, ಕೊಟ್ಟ ಹಣ, ಬಿಲ್ಲಿನ ಸಂಖ್ಯೆ, ವಸ್ತುವಿನ ಮೇಲಿನ ಲಾಟ್ ಅಥವಾ ಬ್ಯಾಚ್ ಸಂಖ್ಯೆ (ಒಟ್ಟಿಗೆ ತಯಾರಾದ ಸರಕಿಗೆ ಹಾಕುವ ಒಂದೇ ಗುರುತು), ಆದ ತೊಂದರೆ, ಯಾವ ಇಲಾಖೆಗೆ ಬರೆದೆವು, ಉತ್ತರ ಬಂದ ದಿನ ಎಂದು ಕಲಮುಗಳನ್ನು ಗೆರೆ ಹೊಡೆದು ಬರೆದೆ. ಶಾಸಕರು ಮೊದಲು ಇದನ್ನು ಒಪ್ಪಲಿಲ್ಲ. ಎದುರಿಗೆ ಕುಳಿತವರು ಅಳುತ್ತಿರುವಾಗ ಝೆರಾಕ್ಸ್ ಕೇಳುವುದು ಅವರಿಗೆ ನಿರ್ದಯವೆನಿಸಿತ್ತು. ಆ ಹೆಣ್ಣುಮಗಳ ಹೆಸರಿನ ಮುಂದೆ ಎಲ್ಲ ಕಲಮುಗಳೂ ಖಾಲಿ ಇದ್ದ ಪುಟವನ್ನು ತೋರಿಸಿದ ಮೇಲೆ ಅವರು ಮತ್ತೆ ಆ ಮಾತೆತ್ತಲಿಲ್ಲ.

ರಿಜಿಸ್ಟರಿನ ಪ್ರಯೋಜನ ತಿಳಿದದ್ದು 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಂದು ಜಾರಿಗೆ ಬಂದ ನಂತರದ ಒಂದು ಮುಂಗಾರಿನಲ್ಲಿ. ಒಂದೇ ವಾರದಲ್ಲಿ ಬಂದ ಗೋವಿನಜೋಳದ ದೂರುಗಳನ್ನು ಬರೆಯುತ್ತಿದ್ದಾಗ ಲಾಟ್ ಸಂಖ್ಯೆಯ ಕಲಮಿನಲ್ಲಿ ಒಂದೇ ಸಂಖ್ಯೆ ಮೇಲಿಂದ ಕೆಳಗೆ ಸಾಲಾಗಿ ಬರತೊಡಗಿತು. ಊರು ಬೇರೆ, ಅಂಗಡಿ ಬೇರೆ, ಬಿತ್ತಿದ ದಿನ ಬೇರೆ. ಲಾಟ್ ಮಾತ್ರ ಒಂದೇ. ಬಿಡಿಬಿಡಿಯಾಗಿ ಕೇಳಿದರೆ ಪ್ರತಿಯೊಬ್ಬರಿಗೂ ಕಂಪನಿಯ ಪ್ರತಿನಿಧಿ ಒಂದೇ ಮಾತು ಹೇಳುತ್ತಿದ್ದರು: ಹಸಿ ಸಾಲಲಿಲ್ಲ, ಕಾಳು ಆಳಕ್ಕೆ ಬಿತ್ತು, ಇರುವೆ ತಿಂದವು. ಮೂವತ್ತೊಂದು ಜನರ ಹೊಲದಲ್ಲಿ ಒಂದೇ ಲಾಟಿನ ಬೀಜವನ್ನೇ ಇರುವೆ ಹುಡುಕಿಕೊಂಡು ಬಂದು ತಿನ್ನುವುದು ಸಾಧ್ಯವಿಲ್ಲ.

ಶಾಸಕರು ಅದೇ ದಿನ ಸಹಾಯಕ ಕೃಷಿ ನಿರ್ದೇಶಕರಿಗೆ ಪತ್ರ ಬರೆದು, ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳು ಕೃಷಿ ವಿಜ್ಞಾನಿಗಳೊಂದಿಗೆ ಹೊಲಗಳಿಗೆ ಬಂದು ಜಂಟಿ ಪರಿಶೀಲನೆ ಮಾಡಬೇಕೆಂದು ಕೋರಿದರು. ಈ ಪರಿಶೀಲನೆಗೆ ಕಾಲಮಿತಿಯಿದೆ, ಅದು ನಿಸರ್ಗ ಹಾಕಿದ ಮಿತಿ. ಬಿತ್ತಿದ ಹದಿನೈದು ದಿನದೊಳಗೆ ನೋಡದಿದ್ದರೆ ರೈತರು ಹರಗಿ ಮತ್ತೆ ಬಿತ್ತುತ್ತಾರೆ; ಬಿತ್ತದೆ ಕಾಯಿರೆಂದು ಹೇಳುವುದೂ ಅನ್ಯಾಯ. ಅದಕ್ಕಾಗಿ ಹೊಲದ ಒಂದು ಮೂಲೆಯಲ್ಲಿ ಹತ್ತು ಸಾಲುಗಳನ್ನು ಮಾತ್ರ ಹಾಗೆಯೇ ಬಿಟ್ಟು ಉಳಿದದ್ದನ್ನು ಹರಗಿಕೊಳ್ಳಿ ಎಂದು ನಾವು ಎಲ್ಲರಿಗೂ ತಿಳಿಸಿದೆವು.

ನಾನೂ ಹೊಲಕ್ಕೆ ಹೋಗಿದ್ದೆ. ಅಧಿಕಾರಿಗಳು ಸಾಲಿನ ಉದ್ದಕ್ಕೆ ಹತ್ತು ಮೀಟರ್ ಟೇಪು ಎಳೆದರು. ಕಾಳಿನಿಂದ ಕಾಳಿಗೆ 20 ಸೆಂಟಿಮೀಟರ್ ಅಂತರವೆಂದರೆ ಅಷ್ಟು ಉದ್ದದಲ್ಲಿ 50 ಸಸಿ ಇರಬೇಕು. ರೈತರೇ ಬಗ್ಗಿ ಎಣಿಸಿದರು: ಹದಿನಾಲ್ಕು. ಪಾಕೀಟಿನ ಮೇಲೆ ಮೊಳಕೆ ಪ್ರಮಾಣ ನೂರಕ್ಕೆ 90 ಎಂದು ಮುದ್ರಿಸಿತ್ತು. ಅಧಿಕಾರಿಗಳು ಸಸಿಯಿಲ್ಲದ ಕಡೆ ಬೆರಳಿನಿಂದ ಮಣ್ಣು ಸರಿಸಿ ಕಾಳನ್ನು ಹೊರತೆಗೆದರು. ಕಾಳು ಉಬ್ಬಿ ಮೆತ್ತಗಾಗಿತ್ತು, ಅಂದರೆ ಹಸಿ ತಾಗಿತ್ತು. ಮೊಳಕೆಯ ಗುರುತು ಮಾತ್ರ ಇರಲಿಲ್ಲ. ಬದುವಿನ ಆಚೆ ಅದೇ ದಿನ, ಅದೇ ಕೂರಿಗೆಯಿಂದ ಬೇರೆ ಲಾಟಿನ ಬೀಜ ಬಿತ್ತಿದ ಆ ರೈತರ ಅಣ್ಣನ ಹೊಲ ಹಸಿರಾಗಿ ನಿಂತಿತ್ತು. ಎರಡೂ ಹೊಲ ಒಂದೇ ಚಿತ್ರದಲ್ಲಿ ಬರುವಂತೆ ಬದುವಿನ ಮೇಲೆ ನಿಂತು ಫೋಟೊ ತೆಗೆದೆವು. ಪಂಚನಾಮೆಯಲ್ಲಿ ಸಸಿಯ ಎಣಿಕೆ, ಕಾಳಿನ ಸ್ಥಿತಿ ಮತ್ತು ಪಕ್ಕದ ಹೊಲದ ವಿವರ ಮೂರೂ ಬಂದವು. ಮುಂದೆ ಇಡೀ ಪ್ರಕರಣ ನಿಂತದ್ದು ಆ ಮೂರು ವಾಕ್ಯಗಳ ಮೇಲೆ.

ಇಲ್ಲಿ ಶಾಸಕರಿಗೆ ಮಾತ್ರ ಸಾಧ್ಯವಿರುವ ಒಂದು ಕೆಲಸವಿತ್ತು, ಅದು ಸದನದಲ್ಲಿ ಪ್ರಶ್ನೆ ಕೇಳುವುದು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಉತ್ತರಿಸುತ್ತಾರೆ, ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ ಬರುತ್ತದೆ. ಟಿ.ವಿ.ಯಲ್ಲಿ ಕಾಣಿಸುವುದು ಮೊದಲನೆಯದು, ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಎರಡನೆಯದು. ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನಕ್ಕೆ ಪ್ರಶ್ನೆ ಸಿದ್ಧಪಡಿಸುವಾಗ ನಾನು ಮೊದಲು ಬರೆದದ್ದು "ರೈತರಿಗೆ ಆಗುತ್ತಿರುವ ಅನ್ಯಾಯದ ಬಗ್ಗೆ ಸರ್ಕಾರ ಕೈಗೊಂಡ ಕ್ರಮವೇನು" ಎಂದು. ಇಂಥ ಪ್ರಶ್ನೆಗೆ "ಸೂಕ್ತ ಕ್ರಮ ಕೈಗೊಳ್ಳಲಾಗುತ್ತಿದೆ" ಎಂಬ ಉತ್ತರ ಬಂದರೆ ತಪ್ಪು ಕೇಳಿದವರದು. ಶಾಸಕರು ಅದನ್ನು ಹೊಡೆದುಹಾಕಿ ಮೂರು ತುಂಡು ಮಾಡಿದರು. ಅ) ಹಾವೇರಿ ಜಿಲ್ಲೆಯಲ್ಲಿ ಪ್ರಸಕ್ತ ಮುಂಗಾರಿನಲ್ಲಿ ಮೆಕ್ಕೆಜೋಳದ ಬಿತ್ತನೆ ಬೀಜ ಮೊಳಕೆಯೊಡೆಯದಿರುವ ದೂರುಗಳು ಸರ್ಕಾರದ ಗಮನಕ್ಕೆ ಬಂದಿವೆಯೇ? ಆ) ಬಂದಿದ್ದಲ್ಲಿ, ಎಷ್ಟು ಹೊಲಗಳನ್ನು ಪರಿಶೀಲಿಸಲಾಗಿದೆ ಮತ್ತು ವರದಿಗಳೇನು? ಇ) ಸದರಿ ಲಾಟಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸಲಾಗಿದೆಯೇ, ಫಲಿತಾಂಶವೇನು? ನಮ್ಮಲ್ಲಿ ಗೋವಿನಜೋಳವೆನ್ನುವುದಕ್ಕೆ ಕಡತದಲ್ಲಿ ಬೇರೆ ಹೆಸರಿದೆ. ಕಡತದ ಹೆಸರಿನಿಂದ ಕೇಳದಿದ್ದರೆ ಉತ್ತರ ದಾರಿ ತಪ್ಪುತ್ತದೆಂಬುದನ್ನೂ ನಾನು ಆಗ ಕಲಿತೆ.

ಉತ್ತರದ ಹಾಳೆಯಲ್ಲಿ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. "ಅ"ದ ಎದುರಿಗೆ ಒಂದೇ ಪದವಿತ್ತು: "ಬಂದಿದೆ." ಅದರ ಕೆಳಗೆ ಪರಿಶೀಲಿಸಿದ ಹೊಲಗಳ ಅನುಬಂಧ. ಅಲ್ಲಿಯವರೆಗೆ ಮೂವತ್ತೊಂದು ರೈತರ ಮಾತಾಗಿದ್ದದ್ದು ಆ ಒಂದು ಪದದಿಂದ ಸರ್ಕಾರದ ದಾಖಲೆಯಾಯಿತು. ಅದರ ಪ್ರತಿಯನ್ನು ನಾವು ಎಲ್ಲ ರೈತರಿಗೂ ಹಂಚಿದೆವು.

ಆಮೇಲಿನ ದಾರಿ ಜಿಲ್ಲಾ ಗ್ರಾಹಕ ಆಯೋಗದ್ದು. ಬೀಜ ಕಾಯ್ದೆಯಿರುವಾಗ ರೈತರು ಗ್ರಾಹಕರಾಗಿ ದೂರು ಕೊಡಬಹುದೇ ಎಂಬ ಅನುಮಾನ ಬಹಳ ಜನರಿಗಿದೆ. ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರ ಜನವರಿಯಲ್ಲಿಯೇ ಅದನ್ನು ಬಗೆಹರಿಸಿದೆ: ಬೀಜ ಕೊಂಡ ರೈತ ಗ್ರಾಹಕ, ಮುಂದೆ ಪರೀಕ್ಷೆಗೆ ಬೇಕಾಗಬಹುದೆಂದು ಅವನು ಬೀಜದ ಒಂದು ಪಾಲನ್ನು ಎತ್ತಿಡಬೇಕೆಂದು ನಿರೀಕ್ಷಿಸುವಂತಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಆಯೋಗದಲ್ಲಿ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂಬ ಕಡ್ಡಾಯವಿಲ್ಲ, ಕಂಪನಿ ಎಲ್ಲಿಯದೇ ಆಗಿರಲಿ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು, ಅವಧಿ ಎರಡು ವರ್ಷ. ಒಂದೇ ಬಗೆಯ ಹಾನಿಗೆ ಒಳಗಾದವರು ಆಯೋಗದ ಅನುಮತಿ ಪಡೆದು ಒಟ್ಟಾಗಿ ದೂರಬಹುದು. ದೂರಿನ ಕರಡನ್ನು ಬರೆಯಲು ನೆರವಾಗುವುದು, ದಾಖಲೆ ಜೋಡಿಸಿಕೊಡುವುದು, ಇಷ್ಟಕ್ಕೆ ನಮ್ಮ ಕಚೇರಿಯ ಪಾತ್ರ ಮುಗಿಯಿತು. ಆಯೋಗದಲ್ಲಿ ಯಾರಿಗಾದರೂ ಒಂದು ಮಾತು ಹೇಳಿಸಿರೆಂದು ಹಲವರು ಒತ್ತಾಯಿಸಿದರು. ಶಾಸಕರು ಖಂಡಿತವಾಗಿ ನಿರಾಕರಿಸಿದರು. ಶಾಸಕರ ಫೋನು ರೈತರ ಪರವಾಗಿ ಅಲ್ಲಿಗೆ ಹೋಗಬಹುದಾದರೆ ನಾಳೆ ಕಂಪನಿಯ ಪರವಾಗಿ ಇನ್ನೊಬ್ಬರ ಫೋನೂ ಹೋಗಬಹುದು. ಈ ವಿಷಯದಲ್ಲಿ ಅವರ ನಿಲುವು ಸರಿಯೆಂದು ನಾನು ಇಂದಿಗೂ ನಂಬಿದ್ದೇನೆ.

ಆದೇಶ ರೈತರ ಪರವಾಗಿ ಬಂದಿತು. ಕಂಪನಿ ರಾಜ್ಯ ಆಯೋಗಕ್ಕೆ ಹೋಗುವುದಾಗಿ ಹೇಳಿತು, ಆದರೆ ಮೇಲ್ಮನವಿಗೆ ಮೊದಲು ಆದೇಶದ ಮೊತ್ತದ ಅರ್ಧವನ್ನು ಠೇವಣಿ ಇಡಬೇಕೆಂದು 2019ರ ಕಾಯ್ದೆ ಹೇಳುತ್ತದೆ. ಕೊನೆಗೆ ರಾಜಿಯಾಗಿ ಹಣ ಕೊಟ್ಟರು. ಪೂರ್ತಿ ಬೆಳೆಯ ಬೆಲೆ ಅದಾಗಿರಲಿಲ್ಲ, ಆದರೂ ಬಿತ್ತನೆಯ ಖರ್ಚು ಮತ್ತು ಇಳುವರಿಯ ಒಂದು ಭಾಗ ಕೈಸೇರಿತು.

ಎಲ್ಲ ಅಹವಾಲುಗಳೂ ಹೀಗೆ ದಡ ಸೇರಲಿಲ್ಲ. ಬೆಳೆ ವಿಮೆಯ ವಿಷಯದಲ್ಲಿ ನಾವು ಬಹಳ ತಡವಾಗಿ ಎಚ್ಚೆತ್ತೆವು. ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಧಾನ್ಯ ಮತ್ತು ಎಣ್ಣೆಕಾಳಿಗೆ ರೈತರ ಕಂತು ನೂರಕ್ಕೆ 2, ವಾಣಿಜ್ಯ ಬೆಳೆಗೆ 5. ಕಂತು ತುಂಬಿದವರು ತಮ್ಮ ಹೊಲದ ಹಾನಿಗೆ ಪರಿಹಾರ ಬರುತ್ತದೆಂದು ತಿಳಿಯುತ್ತಾರೆ. ಪ್ರಮುಖ ಬೆಳೆಗಳಿಗೆ ಲೆಕ್ಕ ಹಿಡಿಯುವುದು ಇಡೀ ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿಯನ್ನು, ಅದು ಗೊತ್ತಾಗುವುದು ಬೆಳೆ ಕಟಾವು ಪ್ರಯೋಗದಿಂದ, ಅಂದರೆ ಆಯ್ದ ಹೊಲದ ಒಂದು ತುಂಡಿನ ಬೆಳೆ ಕೊಯ್ದು ತೂಗುವುದರಿಂದ. ಪರಿಹಾರ ಬಾರದ ಮೇಲೆ ಶಾಸಕರಿಂದ ಪತ್ರ ಬರೆಸಿದರೆ ಪ್ರಯೋಜನ ಕಡಿಮೆ. ಕಟಾವು ಪ್ರಯೋಗದ ದಿನ ಊರಿನ ನಾಲ್ಕು ಜನ ಆ ಹೊಲದಲ್ಲಿ ನಿಂತು ತೂಕ ನೋಡುವುದೇ ಮುಖ್ಯ. ಆಲಿಕಲ್ಲು ಅಥವಾ ನೆರೆಯಂಥ ಸ್ಥಳೀಯ ಹಾನಿಯಾದರೆ ಒಬ್ಬೊಬ್ಬರ ಹೊಲದ ಲೆಕ್ಕ, ಅದಕ್ಕೂ 72 ಗಂಟೆಯೊಳಗೆ ತಿಳಿಸಬೇಕು. ಈ 72 ಗಂಟೆ ಗೊತ್ತಿಲ್ಲದೆ ವಾರದ ನಂತರ ಬಂದವರನ್ನು ಬರಿಗೈಯಲ್ಲಿ ಕಳಿಸಿದ ನೋವು ನನಗೆ ಇನ್ನೂ ಇದೆ.

ವಿದ್ಯುತ್ ಬಿಲ್ಲಿನ ದೂರುಗಳಿಗೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯ ವಿಳಾಸ ಕೊಡುವುದಷ್ಟೇ ನಮ್ಮ ಕೆಲಸವಾಗಿತ್ತು. ಗೊಬ್ಬರದ್ದು ಹಾಗಲ್ಲ. 2008ರ ಜೂನ್‌ನಲ್ಲಿ ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆದದ್ದನ್ನು ಕಂಡ ಜಿಲ್ಲೆ ನಮ್ಮದು. ಡಿಎಪಿ ಚೀಲ ಬೇಕಾದರೆ ಜೊತೆಗೆ ಇನ್ನೊಂದು ಡಬ್ಬಿ ತೆಗೆದುಕೊಳ್ಳಲೇಬೇಕೆಂಬ "ಲಿಂಕ್" ಪದ್ಧತಿಯನ್ನು ರೈತರು ದೂರುತ್ತಿದ್ದರು, ಆದರೆ ಆ ಡಬ್ಬಿಗೆ ಬೇರೆ ಬಿಲ್ಲು ಇರುತ್ತಿತ್ತು ಅಥವಾ ಬಿಲ್ಲೇ ಇರುತ್ತಿರಲಿಲ್ಲ. ಒಂದಕ್ಕೆ ಇನ್ನೊಂದನ್ನು ಗಂಟುಹಾಕಿ ಮಾರುವುದು ಗ್ರಾಹಕ ಕಾಯ್ದೆಯ ಪ್ರಕಾರ ನಿರ್ಬಂಧಕ ವ್ಯಾಪಾರ ಪದ್ಧತಿ. ಶಾಸಕರ ಅಧ್ಯಕ್ಷತೆಯ ತಾಲ್ಲೂಕು ಕೆಡಿಪಿ (ಇಲಾಖೆಗಳ ಪ್ರಗತಿ ಪರಿಶೀಲನಾ) ಸಭೆಯಲ್ಲಿ ಎರಡೂ ಬಿಲ್ಲುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿ ನಡಾವಳಿಯಲ್ಲಿ ದಾಖಲಿಸಿದ ಹಂಗಾಮಿನಲ್ಲಿ ಅದು ಕಡಿಮೆಯಾಯಿತು, ಮುಂದಿನ ಹಂಗಾಮಿನಲ್ಲಿ ಮತ್ತೆ ತಲೆಯೆತ್ತಿತು. ಆದ್ದರಿಂದ ಬಿತ್ತನೆಗೆ ಮುಂಚಿನ ಸಭೆಯ ಕಾರ್ಯಸೂಚಿಯಲ್ಲಿ ಪ್ರತಿ ವರ್ಷ ಅದನ್ನು ಸೇರಿಸತೊಡಗಿದೆವು.

ಆ ಮೂವತ್ತೊಂದು ಜನರಲ್ಲಿ ಹನ್ನೆರಡು ಜನರ ಬಳಿ ಬಿಲ್ಲಿರಲಿಲ್ಲ. ಉದ್ರಿ ತಂದವರಿಗೆ ಅಂಗಡಿಯವರು ಸಣ್ಣ ಚೀಟಿಯ ಮೇಲೆ ಮೊತ್ತವನ್ನಷ್ಟೇ ಬರೆದುಕೊಟ್ಟಿದ್ದರು. ರೊಕ್ಕಕ್ಕಾಗಲಿ ಉದ್ರಿಗಾಗಲಿ, ಕೊಂಡವರಿಗೆ ಬಿಲ್ಲು ಕೊಡಬೇಕೆಂದು 1983ರ ಬೀಜ ನಿಯಂತ್ರಣ ಆದೇಶ ಹೇಳುತ್ತದೆ; ಕೊಡದಿದ್ದದ್ದು ಅಂಗಡಿಯವರ ತಪ್ಪು, ಅದರ ಫಲ ಉಂಡವರು ರೈತರು. ಪಂಚನಾಮೆ ಅವರ ಹೊಲದ್ದೂ ಇತ್ತು, ಖಾಲಿ ಪಾಕೀಟುಗಳೂ ಇದ್ದವು, ಆದರೂ ಅವರು ರಾಜಿಯ ಪಟ್ಟಿಗೆ ಸೇರಲಿಲ್ಲ. ಅಂಗಡಿಗಳ ದಾಸ್ತಾನು ವಹಿಯಿಂದ ಆ ಲಾಟಿನ ಮಾರಾಟದ ವಿವರ ತೆಗೆಸಿಕೊಡಬೇಕೆಂದು ಕೃಷಿ ಇಲಾಖೆಗೆ ಎರಡು ಪತ್ರ ಬರೆದೆವು. ಎರಡು ವಹಿಗಳಿಂದ ಐದು ಹೆಸರು ಸಿಕ್ಕವು. ಉಳಿದ ಏಳು ಜನರ ಸಾಲುಗಳಲ್ಲಿ ಕೊನೆಯ ಕಲಮು ನಾನು ಕೆಲಸ ಬಿಡುವ ದಿನವೂ ತುಂಬಿರಲಿಲ್ಲ. ಆ ಪುಟಕ್ಕೆ ಗುರುತಿನ ಚೀಟಿ ಇಟ್ಟು ನನ್ನ ನಂತರ ಬಂದ ಹುಡುಗನ ಕೈಗೆ ರಿಜಿಸ್ಟರ್ ಒಪ್ಪಿಸಿದೆ.