ವಾರಕ್ಕೊಂದು ಹಳೇ ‘ಸ್ಟಾರ್ ಟ್ರೆಕ್’ ಎಪಿಸೋಡ್: ನಾವು ಮೂವರು ನೋಡಿದ್ದು, ವಾದ ಮಾಡಿದ್ದು

ಶುರುವಾಗಿದ್ದು ಒಂದು ಜಗಳದಿಂದ. ‘ಸ್ಟಾರ್ ಟ್ರೆಕ್’ ಅಂದರೆ 1960ರ ದಶಕದ ಅಮೆರಿಕನ್ ಟೀವಿ ಸರಣಿ. ಎಂಟರ್‌ಪ್ರೈಸ್ ಎಂಬ ಅಂತರಿಕ್ಷ ಹಡಗು, ಅದರ ಕ್ಯಾಪ್ಟನ್ ಕರ್ಕ್, ಭಾವನೆ ಅದುಮಿಟ್ಟು ತರ್ಕದಿಂದಲೇ ನಡೆಯುವ ಅವನ ಸಹಾಯಕ ಸ್ಪಾಕ್. ‘ದಿ ಡೆವಿಲ್ ಇನ್ ದಿ ಡಾರ್ಕ್’ ಎಪಿಸೋಡ್‌ನಲ್ಲಿ ಹೋರ್ಟಾ ಎಂಬ ಪ್ರಾಣಿಯನ್ನು ಕೊಲ್ಲಬಾರದು ಅಂತ ಹೇಳಿದವನು ಸ್ಪಾಕ್, ಕೊಲ್ಲಲು ಹೊರಟವನು ಕರ್ಕ್ ಅಂತ ನಾನು. ಇಲ್ಲವೇ ಇಲ್ಲ, ಅದು ಉಲ್ಟಾ ಅಂತ ನನ್ನ ಗೆಳೆಯ. ಇಬ್ಬರೂ ಅದನ್ನು ಚಿಕ್ಕಂದಿನಲ್ಲಿ ನೋಡಿದವರು. ಇಬ್ಬರಿಗೂ ಕಣ್ಣಿಗೆ ಕಟ್ಟಿದ ಹಾಗಿತ್ತು. ಅರ್ಧ ಗಂಟೆ ಎಳೆದಾಡಿದ ಮೇಲೆ ಅವನು, “ಸುಮ್ನೆ ಬಾಯಿ ಯಾಕೆ ನೋಯಿಸಿಕೊಳ್ಳೋದು, ಹಾಕು ನೋಡೋಣ” ಅಂದ.

ಹಾಕಿದೆವು. ಜಾನಸ್ 6 ಎಂಬ ಗ್ರಹದಲ್ಲಿ ಒಂದು ಗಣಿ. ಕೆಲಸಗಾರರು ಒಬ್ಬರ ಹಿಂದೆ ಒಬ್ಬರು ಸಾಯುತ್ತಿದ್ದಾರೆ. ಮೊದಲ ಅರ್ಧದಲ್ಲಿ ನಾನು ಹೇಳಿದ್ದೇ ಸರಿ. ಇಂಥ ಜೀವಿ ಇದೊಂದೇ ಇರಬಹುದು, ಜೀವಂತ ಹಿಡಿಯೋಣ ಅನ್ನುವವನು ಸ್ಪಾಕ್. ಬೇಡ, ಕೊಲ್ಲಿ ಅನ್ನುವವನು ಕರ್ಕ್. ಆಮೇಲೆ ಸುರಂಗದಲ್ಲಿ ಕರ್ಕ್ ಒಬ್ಬನೇ ಅದರ ಎದುರಿಗೆ ಸಿಕ್ಕಿಕೊಳ್ಳುತ್ತಾನೆ. ಆಗ ಕಮ್ಯುನಿಕೇಟರ್‌ನಲ್ಲಿ ಸ್ಪಾಕ್ ಧ್ವನಿ ಬದಲಾಗುತ್ತದೆ. ಬೇಗ ಕೊಂದುಬಿಡು ಅಂತಾನೆ. ಕರ್ಕ್ ಕೈಯಲ್ಲಿ ಫೇಸರ್ ಗನ್ ಇದೆ. ಅವನು ಹೊಡೆಯುವುದಿಲ್ಲ. ಆ ಪ್ರಾಣಿ ಮೆಲ್ಲಗೆ ಮಗ್ಗುಲಾಗಿ ತನ್ನ ಮೈಮೇಲಿನ ಗಾಯ ತೋರಿಸುತ್ತದೆ. ಅವನು ನೋಡುತ್ತಾ ನಿಲ್ಲುತ್ತಾನೆ.

ನಾನು ಅರ್ಧ ಎಪಿಸೋಡನ್ನು ನೆನಪಿಟ್ಟುಕೊಂಡಿದ್ದೆ, ಗೆಳೆಯ ಇನ್ನರ್ಧವನ್ನು. ಇಬ್ಬರ ಮನಸ್ಸೂ ಅದಲು ಬದಲಾಗುವ ಆ ಒಂದು ನಿಮಿಷ ಇಬ್ಬರ ತಲೆಯಲ್ಲೂ ಉಳಿದಿರಲಿಲ್ಲ. ಸ್ಪಾಕ್ ಬದಲಾಗುವುದು ಗೆಳೆಯನಿಗೆ ಅಪಾಯ ಬಂದಾಗ. ಕರ್ಕ್ ಬದಲಾಗುವುದು ಶತ್ರುವನ್ನು ಹತ್ತಿರದಿಂದ ಕಂಡಾಗ. ನನ್ನ ಮಟ್ಟಿಗೆ ಇಡೀ ಎಪಿಸೋಡ್ ಇರುವುದೇ ಅಲ್ಲಿ.

ಅವತ್ತೇ ತೀರ್ಮಾನ ಮಾಡಿದೆವು. 79 ಎಪಿಸೋಡ್‌ಗಳನ್ನೂ ನೋಡೋದು, ಯಾವುದನ್ನೂ ಬಿಡಬಾರದು. ಗೆಳೆಯ ಶಾಲೆಯಲ್ಲಿ ಫಿಸಿಕ್ಸ್ ಮೇಷ್ಟ್ರು. ಮೂರನೆಯವಳಾಗಿ ಸೇರಿದ ಗೆಳತಿ ನರ್ಸ್. ಅವಳು ಈ ಸರಣಿಯನ್ನು ಅಲ್ಲಲ್ಲಿ ಮಾತ್ರ ನೋಡಿದ್ದಳು. ಅವಳು ಬಂದಿದ್ದರಿಂದ ನಮ್ಮ ವಾದಗಳ ದಿಕ್ಕೇ ಬದಲಾಯಿತು.

ಮೊದಲ ಪ್ರಶ್ನೆ ಕ್ರಮದ್ದು. ಎನ್‌ಬಿಸಿ ಚಾನೆಲ್‌ನಲ್ಲಿ 1966ರ ಸೆಪ್ಟೆಂಬರ್ 8ರಂದು ಮೊದಲು ಬಂದಿದ್ದು ‘ದಿ ಮ್ಯಾನ್ ಟ್ರ್ಯಾಪ್’. ಆದರೆ ಅದಕ್ಕೂ ಮುಂಚೆ ಚಿತ್ರೀಕರಿಸಿದ್ದ ‘ವೇರ್ ನೋ ಮ್ಯಾನ್ ಹ್ಯಾಸ್ ಗಾನ್ ಬಿಫೋರ್’ ಬಂದಿದ್ದು ಮೂರನೆಯದಾಗಿ. ಪ್ರಸಾರದ ಕ್ರಮದಲ್ಲಿ ನೋಡಿದರೆ ಎರಡು ವಾರ ಕಂಡ ಹಡಗಿನ ಡಾಕ್ಟರ್ ಮೆಕಾಯ್ ಮೂರನೇ ವಾರ ಮಾಯ, ಅವನ ಜಾಗದಲ್ಲಿ ಬೇರೆ ಯಾರೋ ಡಾಕ್ಟರ್. ಸಮವಸ್ತ್ರವೂ ಬೇರೆ, ಸ್ಪಾಕ್ ಜೋರಾಗಿ ಕೂಗುತ್ತಾನೆ. ಚಿತ್ರೀಕರಣದ ಕ್ರಮದಲ್ಲಿ ನೋಡಿದರೆ ಇದು ತಪ್ಪು ಅನ್ನಿಸುವುದಿಲ್ಲ. ಒಬ್ಬ ನಟ ತನ್ನ ಪಾತ್ರವನ್ನು ಹುಡುಕುತ್ತಿರುವುದು ಕಾಣುತ್ತದೆ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಈ ಕ್ರಮವನ್ನೇ.

ಇನ್ನು ನೋಡುವ ರೀತಿ. ಪ್ರತಿಯೊಬ್ಬರ ಹತ್ತಿರ ಒಂದು ನೋಟ್‌ಬುಕ್. ಎಪಿಸೋಡ್ ಹಾಕುವ ಮುಂಚೆ ನಾಲ್ಕು ಸಾಲು ಬರೆಯಬೇಕು. ಕಥೆ ಏನಂತ ನೆನಪಿದೆ, ಮುಖ್ಯ ನಿರ್ಧಾರ ಯಾರದ್ದು, ನಾನು ಯಾರ ಕಡೆ. ಆಮೇಲೆ ಸುಮಾರು 50 ನಿಮಿಷ ಎಲ್ಲೂ ನಿಲ್ಲಿಸದೆ ನೋಡಬೇಕು. ಮಾತು ಬೇಡ, ಫೋನ್ ಬೇಡ. ಮುಗಿದ ಮೇಲೆ ಬರೆದದ್ದನ್ನು ಓದಬೇಕು. ಭಿನ್ನಾಭಿಪ್ರಾಯ ಬಂದ ದೃಶ್ಯವನ್ನು ಮಾತ್ರ ಮತ್ತೆ ಹಾಕಬೇಕು. “ಕರ್ಕ್ ಯಾವಾಗಲೂ ಹೀಗೇ” ಅಂದವರು ದೃಶ್ಯ ತೋರಿಸಬೇಕು. ತೋರಿಸಲು ಆಗದಿದ್ದರೆ ಆ ಮಾತು ಅಲ್ಲಿಗೇ ಬಿಟ್ಟುಬಿಡಬೇಕು. ಈ ಕೊನೆಯ ನಿಯಮ ಸಣ್ಣದು ಅನ್ನಿಸಬಹುದು. ನಮ್ಮ ಅರ್ಧ ಜಗಳಗಳು ಅದರಿಂದಲೇ ನಿಂತುಹೋದವು. ಉಳಿದ ಅರ್ಧ ಒಳ್ಳೆಯ ಜಗಳಗಳು.

ಅದರಲ್ಲಿ ದೊಡ್ಡದು ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ ಬಗ್ಗೆ ನಡೆದದ್ದು. 1967ರ ಏಪ್ರಿಲ್ 6ರಂದು ಪ್ರಸಾರವಾಗಿ, ಮುಂದಿನ ವರ್ಷ ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಪಡೆದ ಎಪಿಸೋಡ್ ಇದು. ಕರ್ಕ್ ಮತ್ತು ಸ್ಪಾಕ್ ಮೆಕಾಯ್‌ನನ್ನು ಹುಡುಕಿಕೊಂಡು 1930ರ ನ್ಯೂಯಾರ್ಕ್‌ಗೆ ಹೋಗುತ್ತಾರೆ. ಬಡವರಿಗೆ ಊಟ ಹಾಕುವ ಈಡಿತ್ ಕೀಲರ್ ಮೇಲೆ ಕರ್ಕ್‌ಗೆ ಪ್ರೀತಿ ಹುಟ್ಟುತ್ತದೆ. ಅವಳು ಬದುಕಿದರೆ ಅವಳ ಶಾಂತಿ ಚಳವಳಿಯಿಂದ ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿಯುವುದು ತಡವಾಗುತ್ತದೆ, ಹಿಟ್ಲರ್ ಗೆಲ್ಲುತ್ತಾನೆ. ಅವಳು ಸಾಯಲೇಬೇಕು.

ಕೊನೆಯ ದೃಶ್ಯದ ಬಗ್ಗೆ ನನ್ನ ನೋಟ್‌ಬುಕ್‌ನಲ್ಲಿ ಇದ್ದದ್ದು ಇದು: “ಸ್ಪಾಕ್ ಕರ್ಕ್‌ನನ್ನು ಹಿಡಿದು ನಿಲ್ಲಿಸುತ್ತಾನೆ.” ಪರದೆಯ ಮೇಲೆ ಹಾಗಿಲ್ಲ. ಸ್ಪಾಕ್ ಕೂಗುತ್ತಾನೆ, ಅಷ್ಟೆ. ಕರ್ಕ್ ತಾನಾಗಿಯೇ ನಿಲ್ಲುತ್ತಾನೆ. ಅವಳನ್ನು ಉಳಿಸಲು ನುಗ್ಗಿದ ಮೆಕಾಯ್‌ನನ್ನು ತಬ್ಬಿ ಹಿಡಿಯುವವನೂ ಅವನೇ. ಲಾರಿ ಬ್ರೇಕ್ ಹಾಕಿದ ಸದ್ದು, ಒಂದು ಕಿರುಚು. ಕರ್ಕ್ ಕಣ್ಣು ಮುಚ್ಚಿಕೊಂಡಿದ್ದಾನೆ. ಇಷ್ಟು ವರ್ಷ ನಾನು ಕರ್ಕ್ ಮೇಲಿನ ಭಾರವನ್ನು ಸ್ಪಾಕ್ ಹೆಗಲಿಗೆ ಹಾಕಿ ನೆನಪಿಟ್ಟುಕೊಂಡಿದ್ದೆ. ಇದಕ್ಕೆ ಇನ್ನೊಂದು ಮುಖವೂ ಇದೆ. ಹಾರ್ಲನ್ ಎಲಿಸನ್ ಮೊದಲು ಬರೆದ ಸ್ಕ್ರಿಪ್ಟ್‌ನಲ್ಲಿ ಅವಳನ್ನು ಸಾಯಲು ಬಿಡುವುದು ಕರ್ಕ್ ಕೈಯಲ್ಲಿ ಆಗುವುದಿಲ್ಲ. ಆ ಸ್ಕ್ರಿಪ್ಟನ್ನು ಬೇರೆಯವರು ತಿದ್ದಿ ಬರೆದರು. ಆ ಬದಲಾವಣೆಯನ್ನು ಎಲಿಸನ್ ಕೊನೆಯವರೆಗೂ ಒಪ್ಪಲಿಲ್ಲ.

ಮೇಷ್ಟ್ರು ಎಲಿಸನ್ ಕಡೆ. ಪ್ರೀತಿಸುವವನ ಕೈಯಲ್ಲಿ ಅಷ್ಟು ದೊಡ್ಡ ಲೆಕ್ಕಾಚಾರ ಆಗೋದಿಲ್ಲ ಅನ್ನುವುದು ಅವನ ವಾದ. ಮೆಟ್ಟಿಲ ದೃಶ್ಯವನ್ನು ಮತ್ತೆ ಹಾಕಿ ತೋರಿಸಿದ. ಈಡಿತ್ ಎಡವುತ್ತಾಳೆ, ಕರ್ಕ್ ಥಟ್ಟನೆ ಹಿಡಿದುಕೊಳ್ಳುತ್ತಾನೆ. “ಕೈ ತಾನಾಗಿಯೇ ಹೋಯ್ತು ನೋಡು. ಅದೇ ಕೈ ರಸ್ತೆಯಲ್ಲಿ ಹೇಗೆ ನಿಲ್ಲುತ್ತೆ?” ನನಗೆ ಅದೇ ದೃಶ್ಯ ಉಲ್ಟಾ ಕಾಣುತ್ತದೆ. ಒಮ್ಮೆ ಕೈ ಮುಂದೆ ಹೋಗಿದೆ ಎಂದು ನಮಗೆ ಗೊತ್ತಿರುವುದರಿಂದಲೇ, ಎರಡನೇ ಸಲ ಅದು ನಿಂತಾಗ ಎದೆ ಹಿಂಡುತ್ತದೆ.

ನರ್ಸ್ ಗೆಳತಿ ಇಬ್ಬರನ್ನೂ ಬಿಟ್ಟು ಮೆಕಾಯ್‌ನನ್ನು ನೋಡುತ್ತಿದ್ದಳು. “ಅವನಿಗೆ ಹಿಟ್ಲರೂ ಗೊತ್ತಿಲ್ಲ, ಇತಿಹಾಸವೂ ಗೊತ್ತಿಲ್ಲ. ಕಣ್ಣೆದುರು ಒಂದು ಜೀವ, ಎರಡು ಹೆಜ್ಜೆ ದೂರ. ಯಾರೋ ಬಂದು ನನ್ನ ಕೈ ಕಟ್ಟಿಹಾಕಿದ್ರೆ ನಾನು ಅವರನ್ನು ಯಾವತ್ತೂ ಕ್ಷಮಿಸಲ್ಲ” ಅಂದಳು. ಮುಂದಿನ ಎಪಿಸೋಡ್‌ನಲ್ಲಿ ಮೆಕಾಯ್ ಏನೂ ಆಗದವನ ಹಾಗೆ ಇರುವುದು ಅವಳಿಗೆ ಈಗಲೂ ಸಿಟ್ಟು. ಆ ಕಾಲದ ಟೀವಿಯಲ್ಲಿ ಪ್ರತಿ ವಾರ ಹೊಸದಾಗಿ ಶುರು ಮಾಡುತ್ತಿದ್ದರು ಅಂತ ನಾನು ಸಮಜಾಯಿಷಿ ಕೊಟ್ಟೆ. ಅವಳು ಒಪ್ಪಲಿಲ್ಲ. ಒಪ್ಪದಿದ್ದದ್ದು ನನಗೆ ಖುಷಿ.

ಇದಕ್ಕೆ ಹೋಲಿಸಿದರೆ ಕೆಲವು ವಾದಗಳಿಗೆ ಜಾಸ್ತಿ ಸಮಯ ಕೊಡಬಾರದು. ‘ಸ್ಪೇಸ್ ಸೀಡ್’ ಬಂದಾಗ ಹಡಗಿನ ಸಿಬ್ಬಂದಿ ಚೆಕೊವ್ ಇನ್ನೂ ಸರಣಿಯಲ್ಲಿ ಇರಲೇ ಇಲ್ಲ, ಹಾಗಿದ್ದರೆ 1982ರ ಸಿನಿಮಾದಲ್ಲಿ ಆ ಎಪಿಸೋಡ್‌ನ ಖಳನಾಯಕ ಖಾನ್ ಅವನ ಗುರುತು ಹಿಡಿದದ್ದು ಹೇಗೆ? ಹಡಗಿನಲ್ಲಿ ಎಲ್ಲೋ ಕೆಲಸ ಮಾಡುತ್ತಿದ್ದ ಅಂದುಕೊಳ್ಳಿ, ಐದು ನಿಮಿಷದಲ್ಲಿ ಮುಗಿಯಿತು. ಯಾರೋ ಏನನ್ನೋ ಆರಿಸಿಕೊಂಡ ಕ್ಷಣದ ಬಗ್ಗೆ ಮಾತಾಡಿದರೆ ರಾತ್ರಿ ಸಾಲುವುದಿಲ್ಲ.

‘ಎರೆಂಡ್ ಆಫ್ ಮರ್ಸಿ’ಯಲ್ಲಿ ಹಾಗೇ ಆಯಿತು. ಆರ್ಗೇನಿಯಾ ಗ್ರಹದ ಹಿರಿಯರು ಕರ್ಕ್‌ನ ಕಡೆಯವರ ಮತ್ತು ಅವರ ಶತ್ರು ಜನಾಂಗವಾದ ಕ್ಲಿಂಗನ್ನರ ಯುದ್ಧವನ್ನು ಒಂದೇ ಏಟಿಗೆ ನಿಲ್ಲಿಸಿಬಿಡುತ್ತಾರೆ. ಆಗ ಕರ್ಕ್ ತನ್ನ ಶತ್ರು ಕೋರ್ ಪಕ್ಕದಲ್ಲೇ ನಿಂತು, ನಮಗೆ ಹಕ್ಕಿಲ್ಲವೇ ಅಂತ ಕೂಗಾಡುತ್ತಾನೆ. ಯಾವ ಹಕ್ಕು, ಯುದ್ಧ ಮಾಡುವ ಹಕ್ಕೇ ಅಂತ ಹಿರಿಯ ಕೇಳುತ್ತಾನೆ. ಕರ್ಕ್ ತಡವರಿಸುತ್ತಾನೆ. ಆ ತಡವರಿಕೆಯನ್ನು ನಾವು ನಾಲ್ಕು ಸಲ ನೋಡಿದೆವು. ನಾಯಕನನ್ನು ಹೀಗೆ ತಪ್ಪಿನಲ್ಲಿ ನಿಲ್ಲಿಸುವ ಧೈರ್ಯ ಇದ್ದದ್ದಕ್ಕೇ ಈ ಸರಣಿ ನನಗೆ ಇಷ್ಟ.

ಮೂರನೇ ಸೀಸನ್ ಬಗ್ಗೆ ಒಂದು ಮಾತು. ಅಭಿಮಾನಿಗಳ ಪತ್ರಗಳ ಹೋರಾಟದ ನಂತರ ಸರಣಿ ಮುಂದುವರಿಯಿತು, ಆದರೆ ಶುಕ್ರವಾರ ರಾತ್ರಿ 10 ಗಂಟೆಗೆ ಹೋಯಿತು, ಬಜೆಟ್ಟೂ ಕಡಿಮೆಯಾಯಿತು. ಮೊದಲ ಎಪಿಸೋಡ್ ‘ಸ್ಪಾಕ್ಸ್ ಬ್ರೇನ್’ ನೋಡಿ ಬೇಸರಪಟ್ಟು ನಿಲ್ಲಿಸಬೇಡಿ. ಅದೇ ತಿಂಗಳಲ್ಲಿ ಬಂದ ‘ದಿ ಎಂಟರ್‌ಪ್ರೈಸ್ ಇನ್ಸಿಡೆಂಟ್’ ತುಂಬಾ ಚೆನ್ನಾಗಿದೆ. 2006ರಿಂದ ಬಂದ ಹೊಸ ಗ್ರಾಫಿಕ್ಸ್ ಪ್ರತಿಯನ್ನು ಎರಡನೇ ಸಲಕ್ಕೆ ಇಟ್ಟುಕೊಳ್ಳಿ. ಮೊದಲು ಹಳೇ ಮಾಡೆಲ್ ಹಡಗುಗಳನ್ನೇ ನೋಡಿ.

ಎಲ್ಲ ಮುಗಿದರೂ ಒಂದು ಎಪಿಸೋಡ್ ನಮ್ಮನ್ನು ಬಿಟ್ಟಿಲ್ಲ. ‘ಎ ಪ್ರೈವೇಟ್ ಲಿಟಲ್ ವಾರ್’ ಪ್ರಸಾರವಾಗಿದ್ದು 1968ರ ಫೆಬ್ರವರಿ 2ರಂದು, ವಿಯೆಟ್ನಾಂನಲ್ಲಿ ಅಮೆರಿಕ ಮತ್ತು ಅದರ ಮಿತ್ರರ ಮೇಲೆ ಕಮ್ಯುನಿಸ್ಟರ ಟೆಟ್ ದಾಳಿ ನಡೆಯುತ್ತಿದ್ದ ವಾರ. ಒಂದು ಗ್ರಹದಲ್ಲಿ ಹೊಡೆದಾಡುತ್ತಿರುವ ಎರಡು ಕಡೆಯವರಲ್ಲಿ ಒಂದು ಕಡೆಯವರಿಗೆ ಕ್ಲಿಂಗನ್ನರು ಬಂದೂಕು ಕೊಟ್ಟಿದ್ದಾರೆ. ಹಾಗಾದರೆ ಇನ್ನೊಂದು ಕಡೆಯವರಿಗೂ ಅಷ್ಟೇ ಕೊಡೋಣ, ಸಮವಾಗುತ್ತದೆ ಅನ್ನುತ್ತಾನೆ ಕರ್ಕ್. ಮೆಕಾಯ್ ಬೇಡ ಅಂತಾನೆ, ಆದರೆ ಅವನ ಬಳಿ ಬೇರೆ ದಾರಿ ಇಲ್ಲ. ಮೇಷ್ಟ್ರು ಕರ್ಕ್ ಕಡೆ, ನರ್ಸ್ ಮೆಕಾಯ್ ಕಡೆ. ನನ್ನ ನೋಟ್‌ಬುಕ್‌ನಲ್ಲಿ ಈ ಎಪಿಸೋಡ್‌ಗೆ ಮೂರು ಪುಟ ಇವೆ. ಮೂರು ಸಲ ನೋಡಿ ಬರೆದದ್ದು. “ನಾನು ಯಾರ ಕಡೆ” ಎಂಬ ಸಾಲು ಮೂರರಲ್ಲೂ ಬೇರೆ ಬೇರೆ. ಈ ಶನಿವಾರ ನಾಲ್ಕನೇ ಸಲ ಹಾಕುತ್ತಿದ್ದೇವೆ.